ತಂತಿ ಕಟ್ಟಿದ ವಿಮಾನಕ್ಕೆ ರಿಸೀವರ್, ಸರ್ವೋ ಬೇಕಾ?

ಕಂಟ್ರೋಲ್ ಲೈನ್ ವಿಮಾನ ನೋಡದವರಿಗೆ ಮೊದಲು ಎರಡು ಮಾತು. ಹಾರಿಸುವವರು ಮೈದಾನದ ನಡುವೆ ಹ್ಯಾಂಡಲ್ ಹಿಡಿದು ನಿಲ್ಲುತ್ತಾರೆ. ಹ್ಯಾಂಡಲ್‌ನಿಂದ ಹೊರಟ ಎರಡು ತೆಳು ಸ್ಟೀಲ್ ತಂತಿ ವಿಮಾನದೊಳಗಿನ ಬೆಲ್‌ಕ್ರ್ಯಾಂಕ್ ಅನ್ನುವ ತಿರುಗುವ ಸನ್ನೆಗೆ ಸೇರುತ್ತವೆ. ಮಣಿಕಟ್ಟು ಮೇಲೆ ಕೆಳಗೆ ಆಡಿಸಿದರೆ ಎಲಿವೇಟರ್, ಅಂದರೆ ವಿಮಾನವನ್ನು ಏರಿಸಿ ಇಳಿಸುವ ಬಾಲದ ಪಟ್ಟಿ, ಆಡುತ್ತದೆ. ವಿಮಾನ ಸುತ್ತುತ್ತಾ ಇರುತ್ತದೆ, ಜೊತೆಗೆ ಹಾರಿಸುವವರೂ. 1940ರ ಸುಮಾರಿಗೆ ಅಮೆರಿಕದ ಜಿಮ್ ವಾಕರ್ ಇದನ್ನು ಯು-ಕಂಟ್ರೋಲ್ ಅಂತ ಹೆಸರಿಟ್ಟು ಮಾರಿದರು. ನಮ್ಮಲ್ಲಿ ಎನ್‌ಸಿಸಿ ವಾಯು ವಿಭಾಗದಲ್ಲಿದ್ದವರು ಇದನ್ನು ನೋಡಿರುತ್ತಾರೆ. ಈಗ ಇಂಥ ವಿಮಾನಕ್ಕೂ ಕೆಲವರು ಪುಟ್ಟ ರೇಡಿಯೊ ಸೇರಿಸುತ್ತಿದ್ದಾರೆ: ಕೈಯಲ್ಲಿರುವ ಟ್ರಾನ್ಸ್‌ಮಿಟರಿನ ಸಿಗ್ನಲ್ ಹಿಡಿಯುವ ರಿಸೀವರ್, ಅದು ಹೇಳಿದಂತೆ ತೋಳು ತಿರುಗಿಸುವ ಪುಟ್ಟ ಮೋಟಾರ್ ಅಂದರೆ ಸರ್ವೋ. ಸೇರಿಸಬೇಕಾ, ಬೇಡವಾ?

ಪರ: ತಂತಿ ತಂತಿಯ ಕೆಲಸ ಮಾಡಲಿ, ಥ್ರಾಟಲ್ ರೇಡಿಯೊಗೆ ಇರಲಿ

ಎಲಿವೇಟರನ್ನು ರೇಡಿಯೊಗೆ ಕೊಡಿ ಅಂತ ನಾನು ಹೇಳುತ್ತಿಲ್ಲ. ಅದನ್ನು ಕೊಟ್ಟುಬಿಟ್ಟರೆ ಇದು ಕಂಟ್ರೋಲ್ ಲೈನೇ ಅಲ್ಲ. ನನ್ನ ಮಾತು ಥ್ರಾಟಲ್, ಅಂದರೆ ಇಂಜಿನ್ನಿನ ವೇಗದ ಹಿಡಿತದ ಬಗ್ಗೆ ಮಾತ್ರ.

ಇಂಜಿನ್ನಿನ ವೇಗ ಏರಿಸಿ ಇಳಿಸುವ ಆಸೆ ಹೊಸದೇನಲ್ಲ. ಅಮೆರಿಕದ ನೇವಿ ಕ್ಯಾರಿಯರ್ ಸ್ಪರ್ಧೆ ನೋಡಿ. ಮೊದಲು ಏಳು ಸುತ್ತು ಆದಷ್ಟು ಜೋರಾಗಿ, ಆಮೇಲೆ ಏಳು ಸುತ್ತು ಆದಷ್ಟು ನಿಧಾನವಾಗಿ. ಕೊನೆಗೆ ಹಡಗಿನ ಡೆಕ್ಕಿನಂತೆ ಮಾಡಿದ ಹಲಗೆಯ ಮೇಲೆ ಕೊಕ್ಕೆ ಸಿಕ್ಕಿಸಿ ಇಳಿಸಬೇಕು. ಥ್ರಾಟಲ್ ಇಲ್ಲದೆ ಇದು ಆಗದ ಮಾತು. ಅದಕ್ಕೇ ಮೂರನೇ ತಂತಿ ಬಂತು. ಮೂರು ತಂತಿಯ ಬೆಲ್‌ಕ್ರ್ಯಾಂಕ್ ಹೊಂದಿಸಿದವರಿಗೆ ಆ ಪಾಡು ಗೊತ್ತು. ಒಂದು ತಂತಿ ಕೂದಲೆಳೆಯಷ್ಟು ಉದ್ದವಾದರೂ ಥ್ರಾಟಲ್ ತಾನಾಗಿ ತೆರೆದುಕೊಳ್ಳುತ್ತದೆ. ಇಪ್ಪತ್ತು ಮೀಟರ್ ತಂತಿಯನ್ನು ಗಾಳಿಯಲ್ಲಿ ಎಳೆಯುವ ಹೊರೆ ಬೇರೆ.

ಈಗ ಆ ಕೆಲಸಕ್ಕೆ 4 ಗ್ರಾಂ ರಿಸೀವರ್ ಸಾಕು. ದೂರಕ್ಕೆ ಹಾರುವ ವಿಮಾನದವರು ರೇಂಜ್ ಬಗ್ಗೆ ತಲೆ ಕೆಡಿಸಿಕೊಳ್ಳುತ್ತಾರೆ. ನಮ್ಮ ವಿಮಾನ 20 ಮೀಟರ್ ದಾಟಿ ಎಲ್ಲಿಗೆ ಹೋಗುತ್ತದೆ? ಹಾಗಾಗಿ ಪಾರ್ಕ್ ಫ್ಲೈಯರ್‌ಗೆ, ಅಂದರೆ ಹತ್ತಿರದಲ್ಲೇ ಹಾರಿಸುವ ಪುಟ್ಟ ರೇಡಿಯೊ ವಿಮಾನಕ್ಕೆ ಅಂತ ಮಾರುವ ಚಿಕ್ಕ 2.4 ಗಿಗಾಹರ್ಟ್ಸ್ ರಿಸೀವರ್ ತಗೊಳ್ಳಿ. ಎರಡೇ ವಿಷಯ ನೋಡಿ. ನಿಮ್ಮ ಟ್ರಾನ್ಸ್‌ಮಿಟರ್ ಜೊತೆ ಅದು ಬೈಂಡ್ ಆಗಬೇಕು, ಅಂದರೆ ಜೋಡಿಯಾಗಬೇಕು; ಸಿಗ್ನಲ್ ಹೋದಾಗ ಥ್ರಾಟಲ್ ಎಲ್ಲಿ ನಿಲ್ಲಬೇಕು ಅಂತ ಫೇಲ್‌ಸೇಫ್ ಹೊಂದಿಸಲು ಬರಬೇಕು. ಆಂಟೆನಾದ ತುದಿಯ 31 ಮಿಲಿಮೀಟರೇ ನಿಜವಾಗಿ ಕೆಲಸ ಮಾಡುವುದು. ಅಷ್ಟನ್ನು ಮಡಚಬೇಡಿ, ಬ್ಯಾಟರಿಗೂ ಕಾರ್ಬನ್ ಫೈಬರ್‌ಗೂ ತಾಗಿಸಬೇಡಿ.

ಸರ್ವೋಗೆ 9 ಗ್ರಾಂ ಅಳತೆಯದೇ ಧಾರಾಳ. 1.5 ಕೆಜಿ-ಸೆಂಮೀ ಟಾರ್ಕ್ ಅಂದರೆ 1 ಸೆಂ.ಮೀ. ತೋಳಿನ ತುದಿಯಲ್ಲಿ ಒಂದೂವರೆ ಕೆಜಿ ಎಳೆತ. ಚಿಕ್ಕ ಕಾರ್ಬುರೇಟರ್‌ಗೆ ಅಷ್ಟು ಬೇಕಾಗಿಯೇ ಇಲ್ಲ. ಕಾರ್ಬುರೇಟರ್ ಬೆರಳಿಗೆ ಬಿಗಿ ಅನ್ನಿಸಿದರೆ ದೊಡ್ಡ ಸರ್ವೋ ಹುಡುಕಬೇಡಿ, ಕಾರ್ಬುರೇಟರ್ ಬಿಚ್ಚಿ ತೊಳೆಯಿರಿ.

ಎಲೆಕ್ಟ್ರಿಕ್ ವಿಮಾನಕ್ಕಂತೂ ಸರ್ವೋ ಕೂಡ ಬೇಡ. ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿಯ ವೈರನ್ನು ನೇರ ರಿಸೀವರ್‌ಗೆ ಚುಚ್ಚಿದರಾಯ್ತು, ಅದರೊಳಗಿನ ಬಿಇಸಿ ಅನ್ನುವ ವೋಲ್ಟೇಜ್ ಇಳಿಸುವ ಭಾಗದಿಂದಲೇ ರಿಸೀವರ್‌ಗೆ 5 ವೋಲ್ಟ್ ಸಿಗುತ್ತದೆ. ಬಲಗೈಯಲ್ಲಿ ಹ್ಯಾಂಡಲ್, ಎಡಗೈಯಲ್ಲಿ ಆಟದ ಕಾರುಗಳಿಗೆ ಬಳಸುವ ಪಿಸ್ತೂಲಿನಂಥ ಟ್ರಾನ್ಸ್‌ಮಿಟರ್. ಬೆರಳು ಬಿಟ್ಟರೆ ಮೋಟಾರ್ ನಿಲ್ಲುತ್ತದೆ. ಇಲ್ಲೊಂದು ಕಿತಾಪತಿ ಇದೆ. ಆ ಟ್ರಿಗರ್ ಬಿಟ್ಟಾಗ ನಡುವೆ ಬಂದು ನಿಲ್ಲುತ್ತದೆ. ವಿಮಾನದ ಇಎಸ್‌ಸಿಗೆ ಅದು ಅರ್ಧ ಥ್ರಾಟಲ್ ಅಂತ ಕಾಣುತ್ತದೆ! ನಡುವಿನ ಜಾಗವನ್ನೇ ಸೊನ್ನೆ ಅಂತ ಇಎಸ್‌ಸಿಗೆ ಕಲಿಸಬೇಕು. ಪ್ರೊಪೆಲ್ಲರ್ ಬಿಚ್ಚಿಟ್ಟು ಕಲಿಸಿ. ನಾನು ಬಿಚ್ಚದೆ ಕಲಿಸಲು ಹೋದವನು, ಹೆಬ್ಬೆರಳಿನ ಮೇಲೆ ಇನ್ನೂ ಗುರುತಿದೆ.

ಹೊತ್ತಾದಾಗ ಮೋಟಾರ್ ತಾನಾಗಿ ನಿಲ್ಲಿಸುವ ಟೈಮರ್ ಇದೆಯಲ್ಲ ಅಂತೀರಿ. ಇದೆ. ಆದರೆ ಮಗುವೊಂದು ಚೆಂಡಿನ ಹಿಂದೆ ಓಡಿ ವೃತ್ತದೊಳಗೆ ಬಂದಾಗ ಟೈಮರ್‌ಗೆ ಕಣ್ಣಿರುವುದಿಲ್ಲ.

ವಿರೋಧ: ತಂತಿಯ ಬಿಗಿ ಕಳೆದುಕೊಂಡು ಥ್ರಾಟಲ್ ಯಾಕೆ?

ಗೆಳೆಯರು 4 ಗ್ರಾಂ, 9 ಗ್ರಾಂ ಅಂತ ಬಿಡಿಬಿಡಿಯಾಗಿ ಹೇಳಿದರು. ಇಂಜಿನ್ ವಿಮಾನಕ್ಕೆ ಬ್ಯಾಟರಿ, ಸ್ವಿಚ್, ವೈರು, ಸರ್ವೋ ಕೂರಿಸುವ ಪ್ಲೈವುಡ್ ಎಲ್ಲ ಸೇರಿಸಿ ತಕ್ಕಡಿಗೆ ಹಾಕಿದರೆ 40 ಗ್ರಾಂ ಆಗುತ್ತದೆ. ಒಂದೂವರೆ ಕೆಜಿಯ ಸ್ಟಂಟ್ ವಿಮಾನಕ್ಕೆ ಅದು ಲೆಕ್ಕಕ್ಕಿಲ್ಲ, ಒಪ್ಪುತ್ತೇನೆ. 0.8 ಸಿಸಿ ಇಂಜಿನ್ನಿನ 170 ಗ್ರಾಂ ವಿಮಾನಕ್ಕೆ? ಸುಮಾರು ಕಾಲು ಭಾಗ ಜಾಸ್ತಿ. ಪುಟ್ಟ ವಿಮಾನದವರೇ ಪುಟ್ಟ ರಿಸೀವರ್ ಹುಡುಕುವುದು, ಅವರಿಗೇ ಅದು ಭಾರ.

ಇನ್ನೊಂದು ಲೆಕ್ಕ. ಒಂದು ಕೆಜಿ ವಿಮಾನ 20 ಮೀಟರ್ ತಂತಿಯಲ್ಲಿ 5 ಸೆಕೆಂಡಿಗೆ ಒಂದು ಸುತ್ತು ಬಂದರೆ ಕೈಗೆ ಸುಮಾರು 3.2 ಕೆಜಿ ಎಳೆತ ಸಿಗುತ್ತದೆ. ಆ ಎಳೆತವೇ ನಮ್ಮ ಸ್ಟಿಯರಿಂಗ್. ತಂತಿ ಬಿಗಿ ಇದ್ದಷ್ಟು ಹೊತ್ತೇ ಎಲಿವೇಟರ್ ಮಾತು ಕೇಳುವುದು. ಥ್ರಾಟಲ್ ಇಳಿಸಿ 8 ಸೆಕೆಂಡಿಗೆ ಒಂದು ಸುತ್ತು ಮಾಡಿ. ಎಳೆತ ಒಂದೂಕಾಲು ಕೆಜಿಗೆ ಬೀಳುತ್ತದೆ. ಅದೇ ವೇಗದಲ್ಲಿ ನೆತ್ತಿಯ ಮೇಲೆ ಹಾದುಹೋದರೆ ವಿಮಾನದ ತೂಕ ಅದರಲ್ಲಿ ಕಳೆದು ಉಳಿಯುವುದು ಕಾಲು ಕೆಜಿ. ಒಂದು ಗಾಳಿ ಬೀಸಿದರೆ ಅದೂ ಹೋಯ್ತು. ಕಲಿಯುವವರ ಕೈಗೆ ಥ್ರಾಟಲ್ ಕೊಟ್ಟರೆ ಹೆದರಿಕೆಯಲ್ಲಿ ಮೊದಲು ಮಾಡುವುದೇ ವೇಗ ಇಳಿಸುವುದು. ಇಳಿಸಿದ ಕೂಡಲೇ ತಂತಿ ಜೋತುಬೀಳುತ್ತದೆ.

ಫೇಲ್‌ಸೇಫ್ ಬಗ್ಗೆ ಗೆಳೆಯರು ಒಂದೇ ಸಾಲಿನಲ್ಲಿ ಮುಗಿಸಿದರು. ನನಗೆ ಅದೇ ದೊಡ್ಡ ತಕರಾರು. ಸಿಗ್ನಲ್ ಹೋದರೆ ಮೋಟಾರ್ ನಿಲ್ಲಲಿ ಅಂತ ಹೊಂದಿಸುತ್ತೀರಿ. ಅದು ತಲೆಯ ಮೇಲಿನ ಲೂಪಿನಲ್ಲಿ ಹೋದರೆ? ತಂತಿ ಸಡಿಲ, ವಿಮಾನ ನಿಮ್ಮ ಮೇಲೇ. ಓಡುತ್ತಲೇ ಇರಲಿ ಅಂತ ಹೊಂದಿಸಿದರೆ, ಬೇಕಾದಾಗ ನಿಲ್ಲಿಸುವ ಆ ಗುಂಡಿಗೆ ಅರ್ಥವೇ ಇಲ್ಲ. 20 ಮೀಟರ್‌ನಲ್ಲಿ ಸಿಗ್ನಲ್ ಯಾಕೆ ಹೋಗುತ್ತದೆ ಅಂತ ಕೇಳಬಹುದು. ದೂರದಿಂದಲ್ಲ, ವೋಲ್ಟೇಜಿನಿಂದ. ಸರ್ವೋ ಎಲ್ಲೋ ಸಿಕ್ಕಿಕೊಂಡು ಕರೆಂಟ್ ಎಳೆದರೆ ಚಿಕ್ಕ ಬ್ಯಾಟರಿ ಕುಸಿಯುತ್ತದೆ, ರಿಸೀವರ್ ಆರಿ ಮತ್ತೆ ಹತ್ತಿಕೊಳ್ಳುತ್ತದೆ.

ನನ್ನ ವಿಮಾನದಲ್ಲಿ ಆಗಿದ್ದು ಇನ್ನೂ ಸಣ್ಣ ವಿಷಯ. ಸರ್ವೋ ಪ್ಲಗ್ಗನ್ನು ರೆಕ್ಕೆಯ ಉದ್ದಕ್ಕೆ, ವೃತ್ತದ ಹೊರಗಡೆಗೆ ಬಿಟ್ಟಿದ್ದೆ. ಸುತ್ತುವಾಗ ವಿಮಾನದೊಳಗಿನ ಪ್ರತಿಯೊಂದು ಚೂರೂ ಮೂರು ಪಟ್ಟು ಭಾರವಾಗಿ ಹೊರಗೆ ಎಳೆಯುತ್ತದೆ ಅನ್ನುವುದು ಹೊಳೆದಿರಲಿಲ್ಲ. ಅದರ ಜೊತೆ ಇಂಜಿನ್ ನಡುಕ, ಇಂಧನದಲ್ಲಿರುವ ಹರಳೆಣ್ಣೆಯ ಜಿಡ್ಡು. ಮೂರನೇ ಹಾರಾಟಕ್ಕೆ ಪ್ಲಗ್ ಮೆಲ್ಲಗೆ ಜಾರಿ ಹೊರಬಂತು. ಥ್ರಾಟಲ್ ಪೂರ್ತಿ ತೆರೆದಲ್ಲೇ ನಿಂತಿತು. ಟ್ಯಾಂಕ್ ಮುಗಿಯುವವರೆಗೆ ಸುತ್ತಿದೆ, ಇಳಿಸಿದೆ, ಏನೂ ಆಗಲಿಲ್ಲ. ಯಾಕೆ ಆಗಲಿಲ್ಲ ಹೇಳಿ? ಎಲಿವೇಟರ್ ತಂತಿಯಲ್ಲಿತ್ತು.

ಮಗು ಓಡಿಬಂದ ಉದಾಹರಣೆಗೂ ಉತ್ತರ ಅದೇ. ನಾನಾದರೆ ವಿಮಾನವನ್ನು ಮೇಲಕ್ಕೆತ್ತುತ್ತೇನೆ. ಹ್ಯಾಂಡಲ್‌ನಲ್ಲಿ ಅದು ಕ್ಷಣದ ಕೆಲಸ. ಎಡಗೈಯ ಟ್ರಿಗರ್ ನೆನಪಾಗುವಷ್ಟರಲ್ಲಿ 90 ಕಿ.ಮೀ. ವೇಗದ ವಿಮಾನ ಅರ್ಧ ಸುತ್ತು ಮುಗಿಸಿರುತ್ತದೆ. ನಿಲ್ಲಿಸಿದರೂ ಗಾಳಿಯಲ್ಲಿ ತೇಲುತ್ತಾ ಕೆಳಗೇ ಬರುತ್ತದೆ, ಮಗು ಇರುವ ಎತ್ತರಕ್ಕೆ.

ಕ್ಯಾರಿಯರ್ ಹಾರಿಸುವವರು ಹಾಕಿಕೊಳ್ಳಲಿ, ನನ್ನ ಅಡ್ಡಿಯಿಲ್ಲ. ಉಳಿದವರಿಗೆ ಟ್ಯಾಂಕೇ ಟೈಮರ್. ಕೊನೆಯ ಹನಿಗಳಿಗೆ ಬಂದಾಗ ಇಂಜಿನ್ನಿನ ಸ್ವರ ತುಸು ಏರುತ್ತದೆ. ಕಿವಿಗೆ ಅದು ಬಿದ್ದ ಕೂಡಲೇ ಲೂಪ್ ಬಿಟ್ಟು, ವಿಮಾನವನ್ನು ಎದೆಯ ಎತ್ತರಕ್ಕೆ ತಂದು, ಸುಮ್ನೆ ಸುತ್ತುತ್ತಾ ಕಾಯುವುದು.