ಡಾಲರ್ ಕಾಂಟ್ರ್ಯಾಕ್ಟ್, ಕೊಡಗಿನಲ್ಲಿ ಮನೆ ಸಾಲ: ಪರ-ವಿರೋಧ

ಊರಲ್ಲೇ ಕೂತು ವಿದೇಶಿ ಕಂಪನಿಗೆ ದುಡಿಯುವ ಅವಕಾಶ. ಆದರೆ ನೌಕರಿಯಲ್ಲ, ಕನ್ಸಲ್ಟೆಂಟ್ ಕಾಂಟ್ರ್ಯಾಕ್ಟ್. ಸಾಲ ಮಾಡಿ ಮನೆ ಕಟ್ಟಬೇಕು ಅಂತಿರುವವರು ಒಪ್ಪಬಹುದಾ?

ಪರ

ಧಾರಾಳವಾಗಿ ಒಪ್ಪಿ. ವರ್ಷಕ್ಕೆ 40 ಲಕ್ಷ ಬರುತ್ತದೆ ಅಂದುಕೊಳ್ಳಿ. ಅದು ಸಂಬಳವಾಗಿ ಬಂದರೆ 2025-26ರ ಹೊಸ ಪದ್ಧತಿಯಲ್ಲಿ ಸೆಸ್ ಸೇರಿ ತೆರಿಗೆ ಸುಮಾರು 7.88 ಲಕ್ಷ. ಐಟಿ ವೃತ್ತಿಯವರು 44ಎಡಿಎ (ಆದಾಯ ತೆರಿಗೆ ಕಾಯ್ದೆಯಲ್ಲಿ ವೃತ್ತಿಪರರಿಗೆ ಇರುವ ಸರಳ ಲೆಕ್ಕದ ಕಲಂ) ಅಡಿ ಬಂದ ದುಡ್ಡಿನ ಅರ್ಧ ಮಾತ್ರ ಆದಾಯ ಅಂತ ತೋರಿಸಿದರೆ 2.08 ಲಕ್ಷ. ಕಳ್ಳದಾರಿ ಏನಲ್ಲ, ಕಾನೂನೇ ಕೊಟ್ಟಿರುವ ಸೌಲಭ್ಯ, ದುಡ್ಡೆಲ್ಲ ಬ್ಯಾಂಕಿನಲ್ಲೇ ಬರುವುದರಿಂದ 75 ಲಕ್ಷದವರೆಗೂ ನಡೆಯುತ್ತದೆ. ಅಡ್ವಾನ್ಸ್ ಟ್ಯಾಕ್ಸ್ ಕೂಡ ಮಾರ್ಚ್ 15ರೊಳಗೆ ಒಂದೇ ಕಂತು.

ವರ್ಷಕ್ಕೆ ಬರುವ ಒಟ್ಟು ದುಡ್ಡು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು. ಹೊರದೇಶಕ್ಕೆ ಮಾಡುವ ಕೆಲಸ ರಫ್ತು ಅಂತ ಲೆಕ್ಕ, ಎಲ್‌ಯುಟಿ (ಜಿಎಸ್‌ಟಿ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಹಾಕಿದರೆ ಜಿಎಸ್‌ಟಿ ಸೊನ್ನೆ. ಅಮೆರಿಕದ ಕಂಪನಿಯಾದರೆ ನೀವು ಅಮೆರಿಕದವರಲ್ಲ ಅಂತ ಹೇಳುವ ಡಬ್ಲ್ಯು-8ಬೆನ್ ಫಾರಂ ತುಂಬಿಸಿಕೊಳ್ಳುತ್ತದೆ, ಕೆಲಸ ಮಾಡಿದ್ದು ಇಲ್ಲಿ, ತೆರಿಗೆಯೂ ಇಲ್ಲೇ.

ಬ್ಯಾಂಕು ಎರಡು ವರ್ಷದ ಐಟಿಆರ್ (ಆದಾಯ ತೆರಿಗೆ ರಿಟರ್ನ್) ಕೇಳುತ್ತದೆ ಅಂತ ಹೆದರಿಸುತ್ತಾರೆ. ಕೇಳಲಿ ಬಿಡಿ. ಅಷ್ಟರಲ್ಲಿ ತೆರಿಗೆಯಲ್ಲೇ 11 ಲಕ್ಷ ಉಳಿದಿರುತ್ತದೆ. 50 ಲಕ್ಷದ ಮನೆಗೆ ಬ್ಯಾಂಕು ಕೊಡುವುದು ಹೆಚ್ಚೆಂದರೆ 40 ಲಕ್ಷ, ಕೈಯಿಂದ ಹಾಕಬೇಕಾದ ಆ 10 ಲಕ್ಷ ಇಲ್ಲೇ ಸಿಕ್ಕಿತಲ್ವಾ?

ವಿರೋಧ

ಹನ್ನೊಂದು ಲಕ್ಷ ಉಳಿಯಿತು, ಸರಿ. ಈಗ ಆ ಐಟಿಆರ್ ಹಿಡಿದು ಬ್ಯಾಂಕಿಗೆ ಹೋಗಿ. ಮ್ಯಾನೇಜರ್ ಕಣ್ಣು ಮೊದಲು ಹೋಗುವುದೇ ಆದಾಯದ ಸಾಲಿಗೆ. ಅಲ್ಲಿರುವುದು 20 ಲಕ್ಷ. "ಸಾರ್, ಅಕೌಂಟಿಗೆ ನಲವತ್ತು ಬರುತ್ತೆ" ಅಂದರೆ, "ಸರ್ಕಾರಕ್ಕೆ ಇಪ್ಪತ್ತು ಅಂತ ನೀವೇ ಬರೆದುಕೊಟ್ಟಿದ್ದೀರಲ್ಲ" ಅನ್ನುತ್ತಾರೆ. ಬಹಳಷ್ಟು ಬ್ಯಾಂಕುಗಳು ಇಎಂಐ ತಾಕತ್ತು ಅಳೆಯುವುದು ಆ ಅಂಕಿಯ ಮೇಲೇ.

ಇನ್ನೊಂದು ಅಪಾಯ ಇದೆ. ಒಂದೇ ಕಂಪನಿ, ಅವರು ಹೇಳಿದ ಹೊತ್ತಿಗೆ ಲಾಗಿನ್, ರಜೆಗೂ ಬಾಸ್ ಒಪ್ಪಿಗೆ. ಹೆಸರಿಗಷ್ಟೇ ಕನ್ಸಲ್ಟೆಂಟ್. ಇದು ನೌಕರಿಯೇ ಅಂತ ತೆರಿಗೆ ಇಲಾಖೆ ಹಿಡಿದರೆ ಅರ್ಧದ ಲೆಕ್ಕ ಬಿದ್ದುಹೋಗುತ್ತದೆ, ಬಾಕಿ ತೆರಿಗೆ ಬಡ್ಡಿ ಸಮೇತ ಕಟ್ಟಬೇಕು.

ನಮ್ಮ ಜಿಲ್ಲೆಯಲ್ಲಿ ಜಾಗದ ಕಾಗದವೇ ದೊಡ್ಡ ತಲೆನೋವು. ಜಮ್ಮಾ ಬಾಣೆ (ತಲೆಮಾರುಗಳಿಂದ ಕುಟುಂಬಕ್ಕೆ ಬಂದ ಕೊಡಗಿನ ಜಮೀನು) ಆದರೆ ಆರ್‌ಟಿಸಿಯಲ್ಲಿ, ಅಂದರೆ ಪಹಣಿಯಲ್ಲಿ, ಕುಟುಂಬದ ಪರವಾಗಿ ಪಟ್ಟೆದಾರನ ಹೆಸರು, ಎಷ್ಟೋ ಕಡೆ ಆತ ತೀರಿಕೊಂಡು ದಶಕಗಳೇ ಆಗಿರುತ್ತವೆ, ಒಕ್ಕದವರು, ಅಂದರೆ ಅದೇ ಮನೆತನದವರು, ಒಬ್ಬರು ಬೆಂಗಳೂರು, ಒಬ್ಬರು ದುಬೈ, ಎಲ್ಲರ ಸಹಿ ಬೇಕು ಅಂತ ಬ್ಯಾಂಕಿನ ವಕೀಲರು ಪಟ್ಟು ಹಿಡಿಯುತ್ತಾರೆ. ಕಾಫಿ ತೋಟದೊಳಗೆ ಮನೆ ಅಂದರೆ ಮೊದಲು ಕನ್ವರ್ಷನ್ (ಕೃಷಿ ಜಾಗವನ್ನು ವಾಸದ ಜಾಗ ಅಂತ ಬದಲಾಯಿಸುವುದು) ಮಾಡಿಸಿಕೊಂಡು ಬನ್ನಿ ಅನ್ನುತ್ತಾರೆ. ಜಾಗದ ಕಾಗದವೂ ಗಟ್ಟಿ ಇಲ್ಲ, ಆದಾಯದ ಕಾಗದವೂ ಅರ್ಧ. ಎರಡೂ ಸೇರಿದರೆ ಅರ್ಜಿ ಯಾವ ಟೇಬಲ್ಲೂ ದಾಟುವುದಿಲ್ಲ.

ತೋಟದ ದುಡ್ಡು ತೋರಿಸಿದರಾಯ್ತು ಅನ್ನುವವರಿಗೂ ಒಂದು ಮಾತು. ಹಸಿಯಾಗಿಯೋ ಒಣಗಿಸಿಯೋ ಮಾರುವ ಕಾಫಿಗೆ ಆದಾಯ ತೆರಿಗೆ ಇಲ್ಲ, ನಿಜ. ಆದರೆ ದರ ಲೆಕ್ಕ ಹಾಕುವಾಗ ಕೃಷಿ ಆದಾಯವನ್ನೂ ಸೇರಿಸುತ್ತಾರೆ, ಹಾಗಾಗಿ ಡಾಲರ್ ದುಡ್ಡಿನ ಮೇಲಿನ ತೆರಿಗೆ ಏರುತ್ತದೆ. ಬೆಳೆಗಾರರೇ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು ಮಾಡುವುದು) ಮಾಡಿಸಿ ಮಾರಿದರೆ ಆ ಲಾಭದ ಕಾಲು ಭಾಗಕ್ಕೆ ನೇರ ತೆರಿಗೆ.

ಕಾಂಟ್ರ್ಯಾಕ್ಟಿನಲ್ಲಿ ನೋಟಿಸ್ ಎಷ್ಟು ದಿನ ಅಂತ ನೋಡಿದ್ದೀರಾ? ಮೂವತ್ತು ದಿನ ಅಂತಿದ್ದರೆ ಕೆಲಸ ಒಂದೇ ತಿಂಗಳಲ್ಲಿ ಹೋಗಬಹುದು, ಸಾಲ ಇರುವುದು ಇಪ್ಪತ್ತು ವರ್ಷ. ಪಿಎಫ್ ಇಲ್ಲ, ಗ್ರಾಚುಯಿಟಿ ಇಲ್ಲ. ಅದಕ್ಕೇ ಇಒಆರ್ (ವಿದೇಶಿ ಕಂಪನಿ ಪರವಾಗಿ ಇಲ್ಲಿ ನೌಕರಿಗೆ ಇಟ್ಟುಕೊಂಡು ಸಂಬಳ ಕೊಡುವ ಸಂಸ್ಥೆ) ಮೂಲಕ ಇಲ್ಲಿನ ಸಂಬಳಪಟ್ಟಿಗೆ ಸೇರಿಸಿ ಅಂತ ಕಂಪನಿಯನ್ನೇ ಕೇಳಿ. ತೆರಿಗೆ ಜಾಸ್ತಿ ಹೋಗುತ್ತದೆ, ಕಂಪನಿ ತನ್ನ ಖರ್ಚಿಗೆ ಅಂತ ಸಂಬಳದಲ್ಲೂ ಸ್ವಲ್ಪ ಚೌಕಾಸಿ ಮಾಡಬಹುದು. ಆದರೂ ಸಾಲದ ಅರ್ಜಿ ಹಾಕುವ ದಿನ ಪೂರ್ತಿ ಸಂಬಳ, ಕಡಿತವಾದ ತೆರಿಗೆ ತೋರಿಸುವ ಪ್ರಮಾಣಪತ್ರ ಕೈಯಲ್ಲಿರುತ್ತದೆ.