ಬೆನ್ನಿಗೆ ಬ್ಯಾಗ್ ಬೇಡ ಮಾರಾಯ್ರೆ, ಕ್ಯಾರಿಯರ್‌ಗೆ ಹಾಕಿ

ಕಳೆದ ವಾರ ಆಫೀಸಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಕೇಳಿದ. "ಅಕ್ಕ, ನಂಗೂ ಸೈಕಲ್‌ನಲ್ಲಿ ಬರ್ಬೇಕು ಅಂತ ಉಂಟು. ಯಾವ ಬ್ಯಾಗ್ ತಗೊಳ್ಳಲಿ?" ಎರಡು ಮಾತಿನಲ್ಲಿ ಹೇಳಿ ಮುಗಿಸುವ ಅಂದುಕೊಂಡೆ. ಚಾ ತಣಿದು ಹೋಯಿತು, ಮಾತು ಮುಗಿಯಲಿಲ್ಲ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಜಗಳ ಇರುವವರು ಕೆಳಗೆ ಬನ್ನಿ.

ನನ್ನ ದಾರಿ ಉಡುಪಿಯ ಬ್ರಹ್ಮಗಿರಿಯಿಂದ ಮಣಿಪಾಲಕ್ಕೆ. ಸಿಟಿ ಬಸ್‌ಸ್ಟ್ಯಾಂಡ್, ಕಲ್ಸಂಕ, ಕಡಿಯಾಳಿ, ಎಂಜಿಎಂ ಕಾಲೇಜು, ಇಂದ್ರಾಳಿ. ಅಲ್ಲಿವರೆಗೆ ಹೇಗೋ ಹೋಗಬಹುದು. ಇಂದ್ರಾಳಿ ದಾಟಿದ ಮೇಲೆ ಗುಡ್ಡೆ ಹತ್ತುವುದೇ ಕೆಲಸ. ಟೈಗರ್ ಸರ್ಕಲ್ ಮುಟ್ಟುವಾಗ ನನ್ನ ಮುಖ ನೋಡಿದವರು ನೀರು ಬೇಕಾ ಅಂತ ಕೇಳುವುದುಂಟು. "ಸ್ಕೂಟಿ ತಗೊಳ್ಳಿ ಮೇಡಂ" ಎಂಬ ಉಪದೇಶಕ್ಕಂತೂ ಬರಗಾಲವಿಲ್ಲ.

ಮೊದಲ ಎರಡು ವರ್ಷ ನಾನೂ ಎಲ್ಲರ ಹಾಗೆ ಬೆನ್ನಿಗೇ ಬ್ಯಾಗ್ ಹಾಕಿದವಳು. ಲ್ಯಾಪ್‌ಟಾಪ್ ಕೊಂಡಾಗ ಬಂದ ಬ್ಯಾಗ್. ಅದರಲ್ಲಿ ಎಷ್ಟು ಭಾರ ಇದೆ ಅಂತ ಯೋಚಿಸಿಯೇ ಇರಲಿಲ್ಲ. ಒಂದು ದಿನ ದಿನಸಿ ಅಂಗಡಿಯಲ್ಲಿ ಅಕ್ಕಿ ತೂಗುವ ತಕ್ಕಡಿ ಖಾಲಿ ಇತ್ತು. ಸುಮ್ನೆ ಇಟ್ಟು ನೋಡಿದೆ. 7 ಕೆಜಿ 700 ಗ್ರಾಂ. ಅಂಗಡಿಯಣ್ಣ ನಕ್ಕ. "ಇಷ್ಟು ಕುಚ್ಚಲಕ್ಕಿ ಕೊಟ್ರೆ ಮನೆವರೆಗೆ ಹೊರ್ಲಿಕ್ಕೆ ಆಗುದಿಲ್ಲ ಅಂತೀರಿ ನೀವು!"

ಮನೆಗೆ ಬಂದು ಬಿಚ್ಚಿ ಹಾಕಿ ಲೆಕ್ಕ ಮಾಡಿದೆ. ಲ್ಯಾಪ್‌ಟಾಪ್ 1.7, ಚಾರ್ಜರ್ 400 ಗ್ರಾಂ, ಊಟದ ಡಬ್ಬ 1.1, ನೀರಿನ ಬಾಟಲಿ 1.2. ಬದಲಿ ಬಟ್ಟೆ ಮತ್ತು ಟವೆಲ್ ಸೇರಿ 900 ಗ್ರಾಂ. ರೇನ್‌ಕೋಟ್ 700. ಟ್ಯೂಬ್, ಪಂಪ್, ಸ್ಪ್ಯಾನರ್ ಎಲ್ಲ ಸೇರಿ 600. ಬ್ಯಾಗೇ 1.1. ಇದರಲ್ಲಿ ಬಿಡಬಹುದಾದದ್ದು ಯಾವುದೂ ಇಲ್ಲ. ನೀರಿನ ಬಾಟಲಿ ಮಾತ್ರ ಸೈಕಲ್ಲಿನ ಸ್ಟ್ಯಾಂಡಿಗೆ ಹೋಯಿತು. ಮೊದಲೇ ಹೋಗಬೇಕಿತ್ತು, ಅಲ್ವಾ?

ಬೆನ್ನ ಮೇಲಿನ ಭಾರ ಬೆನ್ನಲ್ಲೇ ನಿಲ್ಲುವುದಿಲ್ಲ. ಸೈಕಲ್ಲಿನಲ್ಲಿ ಸ್ವಲ್ಪ ಮುಂದಕ್ಕೆ ಬಾಗಿ ಕೂರುತ್ತೇವೆ. ಹಾಗಾಗಿ ಅದು ಹೆಗಲಿನಿಂದ ಅಂಗೈಗೆ, ಸೊಂಟದಿಂದ ಸೀಟಿಗೆ ಇಳಿಯುತ್ತದೆ. ನನಗೆ ಬಲಗೈಯ ಕಿರುಬೆರಳು, ಉಂಗುರಬೆರಳು ಜೋಮು ಹಿಡಿಯುತ್ತಿದ್ದವು. ಹ್ಯಾಂಡಲ್ ಸರಿ ಇಲ್ಲ ಅಂದುಕೊಂಡು ಗ್ರಿಪ್ ಬದಲಾಯಿಸಿದೆ, ಕೈಗವಸು ತಂದೆ. ಬ್ಯಾಗ್ ಇಳಿಸಿದ ಎರಡೇ ವಾರಕ್ಕೆ ಜೋಮು ಹೋಯಿತು. ಏರಿನಲ್ಲಿ ನಿಂತು ತುಳಿಯುವಾಗ ಬ್ಯಾಗ್ ಎಡಕ್ಕೂ ಬಲಕ್ಕೂ ತೂಗುವುದು ಬೇರೆ. ಎದೆಯ ಹತ್ತಿರ ಒಂದು ಸಣ್ಣ ಪಟ್ಟಿ, ಸೊಂಟಕ್ಕೊಂದು ಪಟ್ಟಿ ಇರುವ ಬ್ಯಾಗಾದರೆ ಅಷ್ಟು ತೂಗುವುದಿಲ್ಲ. ಬೆನ್ನಿಗೇ ಹಾಕುತ್ತೇನೆ ಅಂತ ಹಟ ಇರುವವರು ಆ ಎರಡು ಪಟ್ಟಿ ಇಲ್ಲದ ಬ್ಯಾಗ್ ಮುಟ್ಟಬೇಡಿ.

ಇನ್ನು ಸೆಕೆ. ಬೆನ್ನಿಗೆ ಗಾಳಿ ಆಡುತ್ತದೆ ಅಂತ ಬಲೆ ಬಿಗಿದ ಬ್ಯಾಗ್‌ಗಳು ಬರುತ್ತವೆ. ಹೊಸದೇನೂ ಅಲ್ಲ, ಜರ್ಮನಿಯ ಡಾಯ್ಟರ್ ಕಂಪನಿ 1984ರಲ್ಲೇ ಇಂಥದ್ದನ್ನು ಮಾಡಿತ್ತು. ಒಳ್ಳೆಯ ಉಪಾಯವೇ. ಆದರೆ ಬೆವರು ಆರಬೇಕಾದರೆ ಗಾಳಿ ಒಣಗಿರಬೇಕು. ನಮ್ಮ ಏಪ್ರಿಲ್ ಗಾಳಿಯೇ ಒದ್ದೆ ಬಟ್ಟೆಯ ಹಾಗೆ ಇರುತ್ತದೆ, ಅದು ಯಾವ ಬೆವರನ್ನು ಎಳೆದುಕೊಳ್ಳಬೇಕು? ಮೇಲಾಗಿ ಏರಿನಲ್ಲಿ ನಾವು ಹೋಗುವುದು ನಡೆಯುವವರಿಗಿಂತ ಒಂದು ಚೂರು ಜಾಸ್ತಿ ವೇಗದಲ್ಲಿ. ಎದುರು ಗಾಳಿಯೂ ಇಲ್ಲ. ನಾನು ಅಂಥ ಬ್ಯಾಗನ್ನೂ ತಗೊಂಡು ನೋಡಿದೆ. ಬೆನ್ನಿನ ನಡುವೆ ಇದ್ದ ಒದ್ದೆಯ ಚೌಕ ಸ್ವಲ್ಪ ಸಣ್ಣದಾಯಿತು, ಅಷ್ಟೇ. ಬಲೆಗೆ ಜಾಗ ಮಾಡಲು ಬ್ಯಾಗಿನ ಬೆನ್ನು ಬಿಲ್ಲಿನ ಹಾಗೆ ಬಾಗಿರುತ್ತದೆ. ಲ್ಯಾಪ್‌ಟಾಪ್ ಒಳಗೆ ಹೋಗುವಾಗ ಗೊಣಗುತ್ತದೆ.

ಮಳೆಯ ವಿಷಯಕ್ಕೆ ಬರುತ್ತೇನೆ. ನನ್ನ ಸಿಟ್ಟು ಇರುವುದು ಇಲ್ಲಿ.

ಬ್ಯಾಗ್ ಹೇಗಿದೆ ಅಂತ ವಿಡಿಯೋ ಮಾಡುವವರಲ್ಲಿ ಹೆಚ್ಚಿನವರು ಬೆಂಗಳೂರಿನವರು. ಬಾಟಲಿಯಿಂದ ಎರಡು ಲೋಟ ನೀರು ಸುರಿದು "ನೋಡಿ, ಒಳಗೆ ಒಂದು ಹನಿ ಇಲ್ಲ" ಅನ್ನುತ್ತಾರೆ. ಅವರ ಊರಿನಲ್ಲಿ ವರ್ಷಕ್ಕೆ ಸುಮಾರು 1,000 ಮಿ.ಮೀ. ಮಳೆ. ನಮ್ಮಲ್ಲಿ 4,000 ಮಿ.ಮೀ. ಆಸುಪಾಸು, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆಟಿಯ, ಅಂದರೆ ಜುಲೈ-ಆಗಸ್ಟಿನ, ಮಳೆ ಎರಡು ಲೋಟ ಸುರಿದು ನಿಲ್ಲುವ ಜಾತಿಯದ್ದಲ್ಲ. ಮೇಲಿಂದ ಬರುತ್ತದೆ, ಪಕ್ಕದಿಂದ ಬರುತ್ತದೆ, ಮಡ್‌ಗಾರ್ಡ್ ಇಲ್ಲದಿದ್ದರೆ ಹಿಂದಿನ ಚಕ್ರದಿಂದ ಕೆಸರಾಗಿ ಕೆಳಗಿಂದಲೂ ಬರುತ್ತದೆ.

ಬ್ಯಾಗಿನ ಜೊತೆ ಒಂದು ರೇನ್‌ಕವರ್ ಕೊಡುತ್ತಾರಲ್ಲ, ಅದನ್ನು ನಂಬಿ ನಾನು ಕೆಟ್ಟೆ. ಕವರ್ ಮುಚ್ಚುವುದು ಹೊರಗಿನ ಮೈಯನ್ನು ಮಾತ್ರ. ಬೆನ್ನಿಗೆ ತಾಗುವ ಭಾಗ ತೆರೆದೇ ಇರುತ್ತದೆ. ಕತ್ತಿನಿಂದ ಇಳಿದ ನೀರು ಬೆನ್ನ ಮೇಲೆ ಹರಿದು, ಹೆಗಲ ಪಟ್ಟಿ ಹೊಲಿದ ಜಾಗದಲ್ಲಿ ಒಳಗೆ ಸೇರುತ್ತದೆ. ಒಂದು ಜುಲೈ ಬೆಳಿಗ್ಗೆ ಆಫೀಸಿನ ಮೆಟ್ಟಿಲಲ್ಲಿ ನಿಂತು ಕವರ್ ತೆಗೆದೆ. ಅದರ ತಳದಲ್ಲಿ ಅರ್ಧ ಲೋಟ ನೀರು ನಿಂತಿತ್ತು, ಬ್ಯಾಗ್ ಅದರಲ್ಲಿ ಕೂತಿತ್ತು. ಮಳೆ ತಡೆಯುವ ಕವರ್ ಮಳೆ ಹಿಡಿಯುವ ಬಟ್ಟಲಾಗಿತ್ತು. ಲ್ಯಾಪ್‌ಟಾಪ್ ಉಳಿದದ್ದು ಅಮ್ಮನ ದಯೆ. ಹೊರಡುವಾಗ "ಒಂದು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಹಾಕು" ಅಂತ ಬೈದು ಹಾಕಿಸಿದ್ದಳು. ಐದು ರೂಪಾಯಿಯ ತೊಟ್ಟೆ ಮಾಡಿದ ಕೆಲಸವನ್ನು ಎರಡೂವರೆ ಸಾವಿರದ ಬ್ಯಾಗ್ ಮಾಡಲಿಲ್ಲ.

ನೀರು ಬರುವ ದಾರಿಗಳು ಎರಡೇ. ಜಿಪ್ಪು ಮತ್ತು ಹೊಲಿಗೆ. ಬಟ್ಟೆ ಎಷ್ಟು ದಪ್ಪ ಎಂಬುದು ಆಮೇಲಿನ ಮಾತು. 600 ಡೆನಿಯರ್, 1000 ಡೆನಿಯರ್ ಅಂತ ಚೀಟಿಯಲ್ಲಿ ಬರೆದಿರುತ್ತಾರೆ. ಅದು ನೂಲು ಎಷ್ಟು ದಪ್ಪ ಅಂತ ಹೇಳುತ್ತದೆ, ನೀರಿನ ವಿಷಯ ಏನೂ ಹೇಳುವುದಿಲ್ಲ. ನೀರು ತಡೆಯುವುದು ಒಳಗಿನ ಲೇಪನ. ಪಾಲಿಯುರೆಥೇನ್ ಲೇಪನಕ್ಕೆ ತೇವ ಎಂದರೆ ಆಗುವುದಿಲ್ಲ. ನಮ್ಮೂರಿನ ಕಪಾಟಿನಲ್ಲಿ ಮೂರ್ನಾಲ್ಕು ಮಳೆಗಾಲ ಕಳೆದ ಬ್ಯಾಗಿನ ಒಳಗೆ ಕೈ ಹಾಕಿ ನೋಡಿ. ಮೊದಲು ಅಂಟಂಟು, ಆಮೇಲೆ ಹೊಟ್ಟಿನ ಹಾಗೆ ಉದುರುತ್ತದೆ. ಕ್ಯಾನ್ವಾಸ್ ಇಷ್ಟ ಅನ್ನುವವರೂ ಇದ್ದಾರೆ. ಇಂಗ್ಲೆಂಡಿನ ಕ್ಯಾರಡೈಸ್ ಕಂಪನಿ ಇವತ್ತಿಗೂ ಸೈಕಲ್ಲಿಗೆ ಕ್ಯಾನ್ವಾಸ್ ಚೀಲ ಮಾಡುತ್ತದೆ. ಒದ್ದೆಯಾದಾಗ ನೂಲು ಉಬ್ಬಿ ಸಂದು ಮುಚ್ಚಿಕೊಳ್ಳುತ್ತದೆ, ನೀರು ನಿಲ್ಲುತ್ತದೆ. ಚಂದದ ಬಟ್ಟೆ. ಆದರೆ ಇಲ್ಲಿ ಜೂನ್‌ನಲ್ಲಿ ಒದ್ದೆಯಾದದ್ದು ಒಣಗುವುದು ಯಾವಾಗ? ಅಷ್ಟರಲ್ಲಿ ಬೂಷ್ಟು ಹಿಡಿದಿರುತ್ತದೆ.

ನನಗೆ ಬುದ್ಧಿ ಬಂದದ್ದು ಹಾಲಿನವರನ್ನು ನೆನೆಸಿಕೊಂಡಾಗ. ಸಣ್ಣವಳಿದ್ದಾಗ ನಮ್ಮ ಮನೆಗೆ ಸೈಕಲ್ಲಿನಲ್ಲಿ ಹಾಲು ಬರುತ್ತಿತ್ತು. ಕ್ಯಾರಿಯರ್‌ನ ಎರಡೂ ಬದಿಗೆ ಕೊಕ್ಕೆಯಲ್ಲಿ ಅಲ್ಯೂಮಿನಿಯಂ ಕ್ಯಾನ್, ಚಕ್ರದ ನಡುಮಟ್ಟಕ್ಕೆ ನೇತಾಡುತ್ತಿತ್ತು. ಅಷ್ಟು ಭಾರ ಇಟ್ಟುಕೊಂಡು ಅವರು ಮಣ್ಣಿನ ದಾರಿಯಲ್ಲಿ, ಒಂದು ಕೈಯಲ್ಲಿ ಕೊಡೆ ಹಿಡಿದು ಬರುತ್ತಿದ್ದರು. ಅವರ ಬೆನ್ನ ಮೇಲೆ ಏನೂ ಇರಲಿಲ್ಲ. ಭಾರ ಕೆಳಗಿದ್ದಷ್ಟೂ ಸೈಕಲ್ ವಾಲುವುದಿಲ್ಲ ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಈಗ ಸೈಕಲ್ ಅಂಗಡಿಯವರು ಅದನ್ನೇ ಪ್ಯಾನಿಯರ್ ಅಂತ ಮಾರುತ್ತಾರೆ.

ಒಳ್ಳೆಯ ಪ್ಯಾನಿಯರ್‌ಗೆ ಒಳ್ಳೆಯ ಬೆಲೆ. ಜರ್ಮನಿಯ ಓರ್ಟ್ಲೀಬ್ ಬ್ಯಾಗ್ ನೋಡಿ ಆಸೆಯಾಯಿತು, ಬೆಲೆ ನೋಡಿ ಆಸೆ ಇಳಿಯಿತು. ಅದರ ಕಥೆ ಮಾತ್ರ ನನಗೆ ಇಷ್ಟ. ಹಾರ್ಟ್‌ಮುಟ್ ಓರ್ಟ್ಲೀಬ್ ಎಂಬ ಹುಡುಗ ಇಂಗ್ಲೆಂಡಿನಲ್ಲಿ ಸೈಕಲ್ ಸುತ್ತುವಾಗ ಮಳೆಗೆ ಸಾಮಾನೆಲ್ಲ ತೊಯ್ದುಹೋಯಿತು. ಪಕ್ಕದಲ್ಲಿ ಲಾರಿಯ ಟಾರ್ಪಾಲು ಕಂಡಿತು. ಅದರಲ್ಲೇ ಚೀಲ ಮಾಡಿದ, 1982ರಲ್ಲಿ ಕಂಪನಿ ಕಟ್ಟಿದ. ಇದನ್ನು ಓದಿದ ಮೇಲೆ ನಾನು ಹೋದದ್ದು ಬ್ಯಾಗ್ ಅಂಗಡಿಗಲ್ಲ, ಆಟೋಗೆ ಹುಡ್ ಹೊಲಿಯುವವರ ಹತ್ತಿರ.

ಅಣ್ಣನಿಗೆ ಮೊದಲು ಅರ್ಥವಾಗಲಿಲ್ಲ. "ಸೈಕಲ್‌ಗೆ ಹುಡ್ಡಾ?" ಹಾಳೆಯಲ್ಲಿ ಚಿತ್ರ ಬಿಡಿಸಿದೆ. ಆಮೇಲೆ ಅವರೇ ನನಗೆ ಪಾಠ ಮಾಡಿದರು. ಹೊಲಿಗೆ ಅಂದರೆ ಸೂಜಿ ಹೋದಲ್ಲೆಲ್ಲ ತೂತು. ಅದಕ್ಕೆ ತಳದಲ್ಲಿ ಹೊಲಿಗೆಯೇ ಬೇಡ, ಒಂದೇ ತುಂಡನ್ನು ಮಡಚಿ ಮೇಲೆ ತರುವ ಅಂದರು. ಪಕ್ಕದ ಹೊಲಿಗೆಗಳನ್ನು ಎರಡು ಸಲ ಮಡಚಿ ಹೊಲಿದು, ಒಳಗಿನಿಂದ ಪಟ್ಟಿ ಅಂಟಿಸಿದರು. ಬಾಯಿಗೆ ಜಿಪ್ಪು ಇಲ್ಲ. ಅಕ್ಕಿ ಚೀಲದ ಬಾಯಿ ಸುತ್ತಿದ ಹಾಗೆ ಮೂರು ಸುತ್ತು ಸುತ್ತಿ ಬಕಲ್ ಹಾಕುವುದು. ಮುಂದಿನ ಕೆಳಮೂಲೆಯನ್ನು ಓರೆಯಾಗಿ ಕತ್ತರಿಸಲು ನಾನು ಹೇಳಿದ್ದೆ, ಇಲ್ಲದಿದ್ದರೆ ತುಳಿಯುವಾಗ ಹಿಮ್ಮಡಿ ತಾಗುತ್ತದೆ. ಬೆನ್ನಿಗೊಂದು ಪ್ಲಾಸ್ಟಿಕ್ ಹಲಗೆ ಇಟ್ಟರು, ಬಟ್ಟೆ ಚಕ್ರದ ಕಡ್ಡಿಗೆ ಹೋಗದ ಹಾಗೆ. ಬಣ್ಣ ಹಳದಿ, ಆಟೋದ್ದೇ ಉಳಿದ ರೆಕ್ಸಿನ್ ತುಂಡು. ಒಟ್ಟು 900 ರೂಪಾಯಿ. ಹಿಂದಿನಿಂದ ನೋಡಿದವರಿಗೆ ಮರಿ ಆಟೋದ ಹಾಗೆ ಕಾಣುತ್ತದಂತೆ. ಕಾಣಲಿ. ಮಳೆಯ ಕತ್ತಲಿನಲ್ಲಿ ಬಸ್ಸಿನವರಿಗೆ ಕಾಣುವುದೇ ಬೇಕಾದದ್ದು. ಬೂದು, ಕಪ್ಪು ಬ್ಯಾಗ್ ತಗೊಳ್ಳುವವರು ದಯವಿಟ್ಟು ಸಂಜೆ ಆರೂವರೆಗೆ ಇಂದ್ರಾಳಿಯಲ್ಲಿ ನಿಂತು ಒಮ್ಮೆ ನೋಡಿ.

ಎಲ್ಲ ಸುಸೂತ್ರ ಆಯಿತು ಅಂತಲ್ಲ. ಮೊದಲ ತಿಂಗಳು ಕೊಕ್ಕೆಗೆ ಬರೀ ಬಾಗಿಸಿದ ಕಬ್ಬಿಣದ ಸರಳು. ಎಂಜಿಎಂ ಹತ್ತಿರ ಒಂದು ಹೊಂಡಕ್ಕೆ ಚಕ್ರ ಇಳಿಯಿತು, ಕೊಕ್ಕೆ ಹಾರಿತು, ಬ್ಯಾಗ್ ರಸ್ತೆಯಲ್ಲಿ. ನನಗೆ ಗೊತ್ತೇ ಆಗಲಿಲ್ಲ, ಸೈಕಲ್ ಹಗುರಾದದ್ದಕ್ಕೆ ಖುಷಿಯಾಗಿ ತುಳಿಯುತ್ತಿದ್ದೆ. ಹಿಂದಿನಿಂದ ರಿಕ್ಷಾದವರು ಹಾರ್ನ್ ಹಾಕಿ ನಿಲ್ಲಿಸಿದರು, ಕೈಯಲ್ಲಿ ಹಳದಿ ಚೀಲ. "ಎಂತ ಮಾರಾಯ್ರೆ, ಊಟ ಬಿಟ್ಟು ಆಫೀಸಿಗೆ ಹೋಗುದಾ?" ಡಬ್ಬ ಜಜ್ಜಿತ್ತು, ಬಸಳೆ ಸಾರು ಚೆಲ್ಲಿತ್ತು. ಲ್ಯಾಪ್‌ಟಾಪ್ ಬೇರೆ ಕವರಿನಲ್ಲಿ, ಬಟ್ಟೆಯ ಮಧ್ಯೆ ಇದ್ದದ್ದರಿಂದ ಬದುಕಿತು. ಈಗ ಕೊಕ್ಕೆಗೆ ಕೆಳಗಿನಿಂದ ಲಾಕ್ ಆಗುವ ನಾಲಗೆ ಉಂಟು, ತಳದಲ್ಲಿ ಎಳೆದು ಕಟ್ಟುವ ರಬ್ಬರ್ ಉಂಟು. ಕೊಕ್ಕೆ ಮಾತ್ರ ಸಿದ್ಧವಾದದ್ದನ್ನು ಕೊಳ್ಳಿ, ಅಲ್ಲಿ ಕಂಜೂಸಿ ಬೇಡ.

ಕ್ಯಾರಿಯರ್ ಬಗ್ಗೆ ಒಂದು ಮಾತು. ಗೇರ್ ಸೈಕಲ್‌ಗಳಿಗೆ ಈಗ ಕ್ಯಾರಿಯರ್ ಬರುವುದೇ ಇಲ್ಲ. ಕೊಳ್ಳುವ ಮುಂಚೆ ಹಿಂದಿನ ಚಕ್ರದ ಅಚ್ಚಿನ ಪಕ್ಕ ಸ್ಕ್ರೂ ತೂತು ಇದೆಯಾ ನೋಡಿ. ಡಿಸ್ಕ್ ಬ್ರೇಕ್ ಇದ್ದರೆ ಅದಕ್ಕೆ ತಾಗದ ಕ್ಯಾರಿಯರ್ ಬೇಕು. ಸೀಟಿನ ಕಂಬಕ್ಕೆ ಮಾತ್ರ ಬಿಗಿಯುವಂಥದ್ದು ಬೇಡ, ಪಕ್ಕಕ್ಕೆ ಭಾರ ಹಾಕಿದರೆ ತಿರುಗುತ್ತದೆ. ಒಂದೇ ಬ್ಯಾಗ್ ಆದರೆ ಎಡವೋ ಬಲವೋ ಅಂತ ಹುಡುಗ ಕೇಳಿದ. ಐದಾರು ಕೆಜಿಗೆ ಓಡಿಸುವಾಗ ವ್ಯತ್ಯಾಸ ಗೊತ್ತಾಗುವುದಿಲ್ಲ. ನಾನು ಎಡಕ್ಕೆ ಹಾಕುತ್ತೇನೆ. ಬಲಗಡೆ ಬಸ್ಸು ಉಂಟು.

ಒಂದೇ ಪಟ್ಟಿಯ ಅಡ್ಡಬ್ಯಾಗ್, ಹ್ಯಾಂಡಲ್‌ಗೆ ನೇತುಹಾಕಿದ ಕೈಚೀಲ, ಎರಡೂ ಬೇಡ. ಮೊದಲನೆಯದು ಬಾಗಿದಾಗ ಹೊಟ್ಟೆಗೆ ಬಂದು ಮೊಣಕಾಲಿಗೆ ಹೊಡೆಯುತ್ತದೆ. ಎರಡನೆಯದು ಮುಂದಿನ ಚಕ್ರಕ್ಕೆ ಸಿಕ್ಕಿದರೆ ನೀವು ಹ್ಯಾಂಡಲ್ ದಾಟಿ ಆಚೆ. ಶಾಲು ಹಾಕುವವರಿಗೆ ಬೇರೆ ಹೇಳಬೇಕಿಲ್ಲ. ಮುಂದೆ ಬುಟ್ಟಿ ಇದ್ದರೆ ತರಕಾರಿಗೆ ಒಳ್ಳೆಯದು.

ಬೆನ್ನಿನ ಬ್ಯಾಗಿನ ಪರವಾಗಿಯೂ ಹೇಳಬೇಕಾದ್ದು ಇದೆ. ಹೊಂಡದ ಏಟನ್ನು ನಮ್ಮ ಮೈ ತಿನ್ನುತ್ತದೆ, ಲ್ಯಾಪ್‌ಟಾಪಿಗೆ ಮುಟ್ಟುವುದಿಲ್ಲ. ತಿರುಗುವ ಹಾರ್ಡ್‌ಡಿಸ್ಕ್ ಇರುವ ಹಳೆ ಯಂತ್ರವಾದರೆ ಈ ಮಾತಿಗೆ ತೂಕವಿದೆ. ಸೈಕಲ್ ಇಳಿದ ಮೇಲೆ ನಡೆಯಲಿಕ್ಕಂತೂ ಅದೇ ಸುಖ. ನನ್ನ ಹಳದಿ ಚೀಲ ಹಿಡಿದು ಮೂರು ಮಹಡಿ ಹತ್ತುವಾಗ ಕೊಕ್ಕೆ ತೊಡೆಗೆ ಚುಚ್ಚುತ್ತದೆ. ಹೆಗಲಿಗೊಂದು ಪಟ್ಟಿ ಸೇರಿಸಿದ ಮೇಲೆ ಸ್ವಲ್ಪ ಪರವಾಗಿಲ್ಲ. ಆಫೀಸಿನಲ್ಲೇ ಲ್ಯಾಪ್‌ಟಾಪ್ ಬಿಟ್ಟು ಬರಬಹುದಾದವರಿಗೆ ಒಂದು ಡಬ್ಬ, ಒಂದು ಅಂಗಿ, ಅಷ್ಟಕ್ಕೆ ಬೆನ್ನಿನ ಬ್ಯಾಗೇ ಸಾಕು. ನನ್ನ ಲೆಕ್ಕದಲ್ಲಿ ಮೂರು ಕೆಜಿ ಗಡಿ. ಅದು ದಾಟಿದರೆ ಸೈಕಲ್ ಹೊರಲಿ.

ಈಗ ಒಂದು ಸಹಾಯ ಬೇಕು. ಹೋದ ಭಾನುವಾರ ಮಲ್ಪೆಗೆ ಹೋದವಳು ಎರಡು ಕೆಜಿ ಬಂಗುಡೆ ತಂದೆ, ಇದೇ ಚೀಲದಲ್ಲಿ. ಮೀನಿನ ತೊಟ್ಟೆ ದಾರಿಯಲ್ಲಿ ಒಡೆದಿದೆ. ನೀರು ಒಳಗೆ ಬಿಡದ ಚೀಲ ಹೊರಗೂ ಬಿಡುವುದಿಲ್ಲ ಅಂತ ಮನೆಗೆ ಬಂದು ಬಾಯಿ ಬಿಚ್ಚಿದಾಗಲೇ ಗೊತ್ತಾದದ್ದು. ಹುಣಸೆಹುಳಿ ಹಾಕಿ ತಿಕ್ಕಿದೆ, ಲಿಂಬೆ ಆಯಿತು, ಸೋಪಿನಪುಡಿ ಆಯಿತು, ಎರಡು ದಿನ ಬಿಸಿಲಿಗೂ ಹಾಕಿದೆ. ನಿನ್ನೆ ಮೀಟಿಂಗಿನಲ್ಲಿ ಲ್ಯಾಪ್‌ಟಾಪ್ ತೆರೆದಾಗ ಪಕ್ಕದವರು ಕುರ್ಚಿ ಸರಿಸಿದರು. ರೆಕ್ಸಿನ್‌ಗೆ ಹಿಡಿದ ಮೀನಿನ ವಾಸನೆ ಹೋಗುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಸೋಮವಾರದ ಒಳಗೆ ಹೇಳಿದರೆ ಉಪಕಾರ.