ರೆಡ್ ಕಾರ್ಪೆಟ್ ಮುಖ, ಸೋಮವಾರದ ಮುಖ

ಆಸ್ಕರ್ ಸಮಾರಂಭ ನಡೆಯುವುದು ಭಾನುವಾರ. ಸೋಮವಾರದ ಹೊತ್ತಿಗೆ ಅದರ ಫೋಟೋಗಳೆಲ್ಲ ಫೋನಿಗೆ ಬಂದು ಬಿದ್ದಿರುತ್ತವೆ. ಪ್ರಶಸ್ತಿ ಯಾರಿಗೆ ಬಂತು ಅನ್ನುವುದನ್ನು ಆಮೇಲೆ ನೋಡಿದರಾಯಿತು. ಯಾರ ತುಟಿಗೆ ಯಾವ ಬಣ್ಣ, ಯಾರ ಕಣ್ಣಿಗೆ ಅಷ್ಟು ಸಪೂರವಾಗಿ ಗೆರೆ ಎಳೆದಿದ್ದಾರೆ, ಇದೆಲ್ಲ ಮೊದಲು ವಿಚಾರಣೆ ಆಗಬೇಕು. ನಾನಂತೂ ಫೋಟೋ ಹಿಗ್ಗಿಸಿ ಹಿಗ್ಗಿಸಿ ರೆಪ್ಪೆಯ ಕೂದಲಿನವರೆಗೂ ಹೋಗುವವಳು. ಅಂಥ ಫೋಟೋಗಳ ಕೆಳಗೆ ಒಂದು ಸಾಲು ಇದ್ದೇ ಇರುತ್ತದೆ. ಈ ಲುಕ್ ನೀವೂ ದಿನಾ ಮಾಡಿಕೊಳ್ಳಬಹುದು, ಹತ್ತೇ ನಿಮಿಷ ಸಾಕು.

ಹತ್ತು ನಿಮಿಷವಂತೆ! ಆ ಮುಖದ ಮುಂದೆ ಮೇಕಪ್ ಕಲಾವಿದರು ಗಂಟೆಗಟ್ಟಲೆ ನಿಂತಿರುತ್ತಾರೆ. ಬ್ರಷ್ ಮುಟ್ಟುವ ಮುಂಚೆಯೇ ಮಸಾಜ್, ಮಾಸ್ಕ್, ಮಾಯಿಶ್ಚರೈಸರ್, ಪ್ರೈಮರ್ ಎಲ್ಲ ಆಗಿರುತ್ತದೆ. ಕೂದಲಿಗೆ ಇನ್ನೊಬ್ಬರು, ಉಗುರಿಗೆ ಮತ್ತೊಬ್ಬರು. 2023ರ ಜನವರಿಯಲ್ಲಿ ಪ್ಯಾರಿಸ್‌ನ ಒಂದು ಫ್ಯಾಷನ್ ಶೋ ನೋಡಲು ಗಾಯಕಿ ಡೋಜಾ ಕ್ಯಾಟ್ ಮೈಗೆಲ್ಲ ಕೆಂಪು ಬಣ್ಣ ಬಳಿದುಕೊಂಡು, ಅದರ ಮೇಲೆ 30,000 ಕೆಂಪು ಹರಳು ಅಂಟಿಸಿಕೊಂಡು ಬಂದಿದ್ದರು. ಮೇಕಪ್ ಕಲಾವಿದೆ ಪ್ಯಾಟ್ ಮೆಕ್‌ಗ್ರಾತ್ ಮತ್ತು ಅವರ ತಂಡಕ್ಕೆ ಆ ಕೆಲಸ ಮುಗಿಸಲು ಹೆಚ್ಚುಕಡಿಮೆ ಐದು ಗಂಟೆ ಹಿಡಿಯಿತು. ಆಮೇಲೆ ಡೋಜಾ ಕುರ್ಚಿಯ ಮೇಲೆ ಹೇಗೆ ಕೂತರೋ ಅನ್ನುವ ಚಿಂತೆ ನನಗೆ.

ಸಮಯದ ಮಾತು ಹಾಗಿರಲಿ. ಆ ಮುಖವನ್ನು ಯಾರು ನೋಡಲಿ ಅಂತ ಮಾಡಿರುತ್ತಾರೆ? ಕ್ಯಾಮೆರಾ ನೋಡಲಿ ಅಂತ. ಎದುರುಗಡೆಯಿಂದ ಫ್ಲ್ಯಾಶ್‌ಗಳು ಒಂದರ ಮೇಲೊಂದು ಹೊಡೆದಾಗ ಮುಖದ ನೆರಳೆಲ್ಲ ಅಳಿಸಿಹೋಗುತ್ತದೆ. ಮೂಗು, ಕೆನ್ನೆ, ದವಡೆ ಎಲ್ಲ ಒಂದೇ ಮಟ್ಟಕ್ಕೆ ಬಂದುಬಿಡುತ್ತವೆ. ಹಾಗೆ ಅಳಿಸಿಹೋಗುವ ನೆರಳನ್ನು ಮೊದಲೇ ಕಂದು ಬಣ್ಣದಲ್ಲಿ ಬರೆದಿಡುವುದು ಕಾಂಟೂರ್. ಉಬ್ಬಿದ ಕಡೆ ಹೊಳಪು ಕೊಡುವುದು ಹೈಲೈಟರ್. ಫೋಟೋದಲ್ಲಿ ನಾವು ಆಹಾ ಎನ್ನುವ ಕೆನ್ನೆಮೂಳೆಯಲ್ಲಿ ಇವೆರಡರ ಪಾಲು ದೊಡ್ಡದು. ನಮಗಾದರೋ ಬೆಳಕು ಒಮ್ಮೆ ಮೇಲಿನಿಂದ, ಒಮ್ಮೆ ಕಿಟಕಿಯಿಂದ ಬರುತ್ತದೆ. ತಲೆ ತಿರುಗಿಸಿದ ಹಾಗೆ ಬದಲಾಗುತ್ತಲೇ ಇರುತ್ತದೆ. ನೆರಳು ನಮಗೆ ಪುಕ್ಕಟೆ ಸಿಗುತ್ತದೆ. ಅದರ ಮೇಲೆ ಇನ್ನೊಂದು ನೆರಳು ಬಳಿದುಕೊಂಡು ಬಸ್ಸು ಹತ್ತಿದರೆ, ಪಕ್ಕದಲ್ಲಿ ಕೂತವರಿಗೆ ಮೂಳೆ ಕಾಣುವುದಿಲ್ಲ, ಬಣ್ಣ ಕಾಣುತ್ತದೆ.

ಉಲ್ಟಾ ಆಗುವುದೂ ಉಂಟು. ಸಿಲಿಕಾ ಇರುವ ನುಣ್ಣನೆಯ ಪೌಡರ್ ಬರಿಗಣ್ಣಿಗೆ ಗೊತ್ತೇ ಆಗುವುದಿಲ್ಲ. ಜಾಸ್ತಿ ಹಚ್ಚಿದ್ದರೆ ಫ್ಲ್ಯಾಶ್ ಬಿದ್ದ ಕೂಡಲೇ ಅದು ಬೆಳಕನ್ನು ವಾಪಸ್ ಎಸೆದು ಬಿಳಿ ಮಚ್ಚೆಗಳಾಗಿ ಕಾಣುತ್ತದೆ. 2014ರಲ್ಲಿ ನ್ಯೂಯಾರ್ಕ್‌ನ ಒಂದು ಸಮಾರಂಭದಲ್ಲಿ ನಟಿ ಏಂಜಲೀನಾ ಜೋಲಿಯ ಮೂಗಿನ ಸುತ್ತ ಕಾಣಿಸಿದ್ದು ಇಂಥ ಬಿಳಿಯೇ. ಆ ಫೋಟೋ ಜಗತ್ತೆಲ್ಲ ಸುತ್ತಿತು. ಅವರ ಪಕ್ಕದಲ್ಲಿ ನಿಂತು ಮಾತಾಡಿದವರಿಗೆ ಬಹುಶಃ ಏನೂ ಕಂಡಿರಲಿಕ್ಕಿಲ್ಲ. ಕ್ಯಾಮೆರಾಕ್ಕೆ ಒಂದು ನ್ಯಾಯ, ಕಣ್ಣಿಗೆ ಒಂದು ನ್ಯಾಯ.

ಇದು ನೂರು ವರ್ಷಕ್ಕೂ ಹಳೆಯ ತಕರಾರು. ನಾಟಕದವರು ಹಚ್ಚುತ್ತಿದ್ದ ಗ್ರೀಸ್‌ಪೇಂಟ್ ದಪ್ಪ. ಕೊನೆಯ ಸಾಲಿನಲ್ಲಿ ಕೂತವನಿಗೂ ಮುಖ ಕಾಣಬೇಕಲ್ಲ. ಸಿನಿಮಾ ಬಂದು ಕ್ಯಾಮೆರಾ ಹತ್ತಿರ ಸರಿದಾಗ ಆ ಬಣ್ಣದ ಬಂಡವಾಳ ಬಯಲಾಯಿತು. ನಟ ನಕ್ಕರೆ ಸಾಕು, ಹಳೇ ಗೋಡೆಯ ಸುಣ್ಣದ ಹಾಗೆ ಬಿರುಕು ಬಿಡುತ್ತಿತ್ತು. 1914ರಲ್ಲಿ ಮ್ಯಾಕ್ಸ್ ಫ್ಯಾಕ್ಟರ್ ಎಂಬ ಮೇಕಪ್ ತಯಾರಕರು ಸಿನಿಮಾಕ್ಕೆಂದೇ ತೆಳ್ಳನೆಯ ಕ್ರೀಮಿನಂಥ ಗ್ರೀಸ್‌ಪೇಂಟ್ ತಯಾರಿಸಿದರು. ಮುಖ ನಕ್ಕಾಗ ಬಣ್ಣವೂ ಜೊತೆಗೆ ನಗುವಂಥದ್ದು.

ಅದಕ್ಕಿಂತ ನನಗೆ ಇಷ್ಟವಾದ ಕಥೆ ಪ್ಯಾನ್‌ಕೇಕ್ ಎಂಬ ಮೇಕಪ್‌ನದು. 1930ರ ದಶಕದಲ್ಲಿ ಟೆಕ್ನಿಕಲರ್ ಎಂಬ ಬಣ್ಣದ ಸಿನಿಮಾ ಜೋರಾದಾಗ ಹಳೆಯ ಜಿಡ್ಡು ಮೇಕಪ್ ಬಣ್ಣದ ಪರದೆಯ ಮೇಲೆ ಚೆನ್ನಾಗಿ ಕಾಣಲಿಲ್ಲ. ಅದಕ್ಕೆ ಪರಿಹಾರವಾಗಿ ಫ್ಯಾಕ್ಟರ್ ಕಂಪನಿ ಒದ್ದೆ ಸ್ಪಾಂಜಿನಲ್ಲಿ ಹಚ್ಚುವ ಗಟ್ಟಿ ಬಿಲ್ಲೆ ತಯಾರಿಸಿತು. ಮುಖದ ಕಲೆಗಳೆಲ್ಲ ಮುಚ್ಚಿ, ಚರ್ಮ ಚರ್ಮದ ಹಾಗೇ ಕಾಣುತ್ತಿತ್ತು. ನಟಿಯರು ಬಿಡುತ್ತಾರೆಯೇ? ಸೆಟ್ಟಿನಿಂದ ಮೆಲ್ಲಗೆ ಮನೆಗೆ ಸಾಗಿಸತೊಡಗಿದರು. ಆದರೆ ಸ್ಟುಡಿಯೋದ ದೊಡ್ಡ ದೀಪಗಳ ಕೆಳಗೆ ಸರಿಯಾಗಿದ್ದ ಬಣ್ಣ ಮಾಮೂಲಿ ಬೆಳಕಿನಲ್ಲಿ ಕಪ್ಪಾಗಿ ಕಾಣುತ್ತಿತ್ತು. ಆಮೇಲೆ ಕಂಪನಿ ತಿಳಿ ಛಾಯೆಗಳನ್ನು ಮಾಡಿ ಅಂಗಡಿಗೆ ಬಿಟ್ಟಿತು. ಹೆಂಗಸರು ಮುಗಿಬಿದ್ದು ಕೊಂಡರು.

ಅಂದರೆ ನಟಿಯರ ಮುಖ ನೋಡಿ ಆಸೆಪಡುವುದು ಇವತ್ತಿನ ಫೋನಿನ ಕಾಯಿಲೆ ಅಲ್ಲ. ಅಲ್ಲಿಂದ ಬೀದಿಗೆ ಬರುವಾಗ ಮೇಕಪ್ ತೆಳ್ಳಗಾಗಬೇಕು ಅನ್ನುವುದೂ ಆಗಲೇ ಗೊತ್ತಾಗಿತ್ತು. ಎಷ್ಟು ತೆಳ್ಳಗೆ, ಏನನ್ನು ಬಿಟ್ಟು ಏನನ್ನು ಇಟ್ಟುಕೊಂಡು, ಪ್ರಶ್ನೆ ಇಷ್ಟೇ.

ನನ್ನ ಲೆಕ್ಕ ಹೀಗೆ. ರೆಡ್ ಕಾರ್ಪೆಟ್ ಮುಖವನ್ನು ಜನ ಒಂದು ಕ್ಷಣ ನೋಡುತ್ತಾರೆ, ಅದೂ ಸುಮ್ಮನೆ ನಿಂತಿರುವಾಗ. ನಮ್ಮ ಮುಖವನ್ನು ಒಬ್ಬರೋ ಇಬ್ಬರೋ ಎದುರು ಕೂತು ಗಂಟೆಗಟ್ಟಲೆ ನೋಡುತ್ತಾರೆ. ಅಷ್ಟರಲ್ಲಿ ನಾವು ಮಾತಾಡುತ್ತೇವೆ, ಊಟ ಮಾಡುತ್ತೇವೆ, ಆಕಳಿಸುತ್ತೇವೆ, ಕಣ್ಣುಜ್ಜಿಕೊಳ್ಳುತ್ತೇವೆ. ಹಾಗಾಗಿ ಮಾತಾಡುವ ಮುಖದ ಮೇಲೆ ಉಳಿಯುವುದನ್ನು ಮಾತ್ರ ಕದಿಯಬೇಕು. ಮುಖಕ್ಕೆಲ್ಲ ಬಳಿಯುವ ದಪ್ಪ ಫೌಂಡೇಶನ್ ಉಳಿಯುವುದಿಲ್ಲ, ಮಧ್ಯಾಹ್ನದೊಳಗೆ ನಗುವಿನ ಗೆರೆಯಲ್ಲಿ ಕೂತುಬಿಡುತ್ತದೆ. ಅಂಟಿಸಿದ ರೆಪ್ಪೆ ಒಂದು ಮೂಲೆಯಲ್ಲಿ ಎದ್ದು ನಿಂತರೆ ಎದುರಿನವರು ನಮ್ಮ ಮಾತು ಬಿಟ್ಟು ಅದನ್ನೇ ಕೇಳಿಸಿಕೊಳ್ಳುತ್ತಾರೆ. ಬಣ್ಣ ಉಳಿಯುತ್ತದೆ. ಗೆರೆಯ ಓಟ ಉಳಿಯುತ್ತದೆ.

2022ರ ಕಾನ್ ಚಿತ್ರೋತ್ಸವದ ಮೊದಲ ದಿನ ದೀಪಿಕಾ ಪಡುಕೋಣೆ ಕಪ್ಪು–ಬಂಗಾರದ ಸೀರೆ ಉಟ್ಟು ಬಂದರಲ್ಲ, ಆಗ ಅವರ ಕಣ್ಣಿಗೆ ಇದ್ದದ್ದು ದಪ್ಪನೆಯ ಕಪ್ಪು ಐಲೈನರ್. ಅಷ್ಟು ದಪ್ಪ ನಮಗೆ ಬೇಡ. ಆದರೆ ಗೆರೆ ಎತ್ತ ಹೋಗುತ್ತದೆ ನೋಡಿ. ಕೆಳರೆಪ್ಪೆಯ ಅಂಚನ್ನೇ ಮುಂದುವರಿಸಿದಂತೆ, ಹುಬ್ಬಿನ ತುದಿಯ ಕಡೆಗೆ. ಆ ದಿಕ್ಕನ್ನು ಇಟ್ಟುಕೊಂಡು, ಕಣ್ಣಿನ ಹೊರಗಿನ ಕಾಲುಭಾಗಕ್ಕೆ ಮಾತ್ರ ಸಣ್ಣಗೆ ಎಳೆದರೂ ಕಣ್ಣು ಎದ್ದು ಕಾಣುತ್ತದೆ. ಕಪ್ಪಿನ ಬದಲು ಕಂದು ಪೆನ್ಸಿಲ್ ಆದರೆ ಇನ್ನೂ ಒಳ್ಳೆಯದು. ಕೈ ನಡುಗಿದರೂ ಬೆರಳಲ್ಲಿ ಒರೆಸಿ ಬೇಕಂತಲೇ ಹಾಗೆ ಮಾಡಿದ್ದು ಅನ್ನಬಹುದು. ಕಣ್ಣಿನ ಮೇಲ್ಗಡೆ ಚರ್ಮ ಸ್ವಲ್ಪ ಇಳಿಬಿದ್ದಿರುವವರು ಕಣ್ಣು ತೆರೆದಿಟ್ಟುಕೊಂಡೇ ಗೆರೆ ಗುರುತು ಮಾಡಬೇಕು. ಮುಚ್ಚಿಕೊಂಡು ಬರೆದರೆ ತೆರೆದಾಗ ಅದು ಮಡಿಕೆಯೊಳಗೆ ಮಾಯ.

ಅದೇ ಕಾನ್‌ನಲ್ಲಿ 2016ರಲ್ಲಿ ಐಶ್ವರ್ಯಾ ರೈ ನೇರಳೆ ಲಿಪ್‌ಸ್ಟಿಕ್ ಹಚ್ಚಿಕೊಂಡು ಬಂದಾಗ ಎಷ್ಟು ಗದ್ದಲ! ಜನ ಆಡಿಕೊಂಡಿದ್ದೇ ಆಡಿಕೊಂಡಿದ್ದು. ನನಗೆ ಮಾತ್ರ ಹಿಡಿಸಿತ್ತು. ಎಲ್ಲರೂ ಕೆಂಪು, ಗುಲಾಬಿ ಅಂತ ಓಡಾಡುವಾಗ ಒಬ್ಬರು ನೇರಳೆ ಅಂದರು, ಅಷ್ಟೇ ತಾನೇ? ಅಂಥ ಬಣ್ಣವನ್ನು ಸೋಮವಾರಕ್ಕೆ ತರುವ ಉಪಾಯವೂ ಇದೆ. ಕಡ್ಡಿಯಿಂದ ನೇರ ಬಳಿಯದೆ, ಬೆರಳ ತುದಿಗೆ ಸ್ವಲ್ಪ ತೆಗೆದುಕೊಂಡು ತುಟಿಯ ನಡುವೆ ತಟ್ಟಬೇಕು. ಅಂಚಿಗೆ ಹೋಗುವಷ್ಟರಲ್ಲಿ ಬಣ್ಣ ಕರಗಿರಬೇಕು. ಗದ್ದಲ ಮಾಡಿದ ನೇರಳೆಯೇ ಈಗ ಹಣ್ಣಿನ ಕಲೆಯಷ್ಟು ಮೆತ್ತಗಾಗುತ್ತದೆ. ಕಾಫಿ ಲೋಟಕ್ಕೆ ಅಂಟುವುದೂ ಕಡಿಮೆ.

ಕೆಂಪಿನ ವಿಚಾರ ಸ್ವಲ್ಪ ಬೇರೆ. ನೀಲಿ ಕಡೆಗೆ ವಾಲುವ ಕೆಂಪು ಹಲ್ಲನ್ನು ಬೆಳ್ಳಗೆ ತೋರಿಸುತ್ತದೆ. ಕಿತ್ತಳೆ ಕಡೆಗೆ ವಾಲುವ ಕೆಂಪು ಹಲ್ಲಿನ ಹಳದಿಯನ್ನು ಕರೆದು ತೋರಿಸುತ್ತದೆ. ಫೋಟೋ ನೋಡಿ ಅದೇ ಬಣ್ಣ ತಂದರೂ ಅದೇ ಬಣ್ಣ ಬರುವುದಿಲ್ಲ. ಲಿಪ್‌ಸ್ಟಿಕ್ಕಿನ ಅಡಿಯಲ್ಲಿ ನಮ್ಮ ತುಟಿಗೂ ಒಂದು ಬಣ್ಣ ಇದೆಯಲ್ಲ. ಅದಕ್ಕೇ ನಾನು ಅತ್ಯಂತ ಚಂದದ ಮುಖವನ್ನು ಬಿಟ್ಟು, ನನ್ನ ಬಣ್ಣಕ್ಕೆ ಹತ್ತಿರದ ಮುಖವನ್ನು ಹುಡುಕುತ್ತೇನೆ. 2014ರ ಆಸ್ಕರ್‌ನಲ್ಲಿ ತಿಳಿ ನೀಲಿ ಗೌನು ತೊಟ್ಟ ಕಪ್ಪು ಬಣ್ಣದ ನಟಿ ಲುಪಿಟಾ ನ್ಯೊಂಗೊರನ್ನು ನೋಡಿ ಕಪ್ಪು ಬಣ್ಣದವರು ಕಲಿಯುವಷ್ಟು, ಬೆಳ್ಳಗಿನ ಹತ್ತು ನಟಿಯರನ್ನು ನೋಡಿ ಕಲಿಯಲಾರರು. ಕಲಿತರೂ ಅಂಗಡಿಯಲ್ಲಿ ಸಾಮಾನು ಸಿಗಬೇಕಲ್ಲ, ಅದು ಇನ್ನೊಂದು ಪಾಡು. 2017ರಲ್ಲಿ ಗಾಯಕಿ ರಿಹಾನಾ ತಮ್ಮ ಮೇಕಪ್ ಕಂಪನಿ ಫೆಂಟಿ ಬ್ಯೂಟಿಯಲ್ಲಿ ಫೌಂಡೇಶನ್ನಿನ 40 ಛಾಯೆಗಳನ್ನು ಒಟ್ಟಿಗೇ ತಂದಾಗ ಅದೇ ದೊಡ್ಡ ಸುದ್ದಿಯಾಯಿತು. ಅಷ್ಟು ಸಣ್ಣ ವಿಷಯ ಅಷ್ಟು ದೊಡ್ಡ ಸುದ್ದಿ ಆಗಬೇಕಾದರೆ ಅಲ್ಲಿವರೆಗೆ ಪರಿಸ್ಥಿತಿ ಹೇಗಿತ್ತು ನೀವೇ ಊಹಿಸಿ.

ಡೋಜಾ ಕ್ಯಾಟ್ ಹರಳು ಅಂಟಿಸಿಕೊಂಡು ಬಂದಿದ್ದ ಅದೇ 2023ರ ಸೆಪ್ಟೆಂಬರಿನಲ್ಲಿ, ಅದೇ ಪ್ಯಾರಿಸ್ಸಿನ ಫ್ಯಾಷನ್ ವೀಕ್‌ಗೆ ನಟಿ ಪಮೇಲಾ ಆಂಡರ್ಸನ್ ಮೇಕಪ್ಪೇ ಇಲ್ಲದೆ ಬಂದರು. ಒಂದು ಕಾಲದಲ್ಲಿ ಅವರ ಸಪೂರ ಹುಬ್ಬನ್ನೂ ಕಪ್ಪು ಬಳಿದ ಕಣ್ಣನ್ನೂ ಎಷ್ಟೋ ಜನ ನಕಲು ಮಾಡಿದ್ದರು. ಈಗ ಇದನ್ನು ನಕಲು ಮಾಡುವುದು ಇನ್ನೂ ಸುಲಭ, ಮುಖ ತೊಳೆದರೆ ಮುಗೀತು ಅಲ್ವಾ? ಮುಗಿಯುವುದಿಲ್ಲ. ಇದಕ್ಕೂ ‘ನೋ ಮೇಕಪ್ ಲುಕ್’ ಅಂತ ಒಂದಿದೆ. ಚರ್ಮಕ್ಕೆ ತೆಳು ಬಣ್ಣದ ಸ್ಕಿನ್ ಟಿಂಟ್ ಬೇಕು, ಕಣ್ಣಿನ ಕೆಳಗಿನ ಕಪ್ಪು ಮುಚ್ಚಲು ಕನ್ಸೀಲರ್ ಬೇಕು, ಹುಬ್ಬಿಗೆ ಜೆಲ್, ಕೆನ್ನೆಗೆ ಕ್ರೀಮ್ ಬ್ಲಶ್, ಆಮೇಲೆ ತುಟಿಗೆ ತುಟಿಯದೇ ಬಣ್ಣದ ಲಿಪ್‌ಸ್ಟಿಕ್. ತುಟಿಗೆ ತುಟಿಯ ಬಣ್ಣ ಬಳಿಯುವುದು! ಎಂಥಾ ತಮಾಷೆ ಅಂತ ನಗು ಬರುತ್ತದೆ. ಆದರೆ ನನ್ನ ಬ್ಯಾಗಿನಲ್ಲಿ ಎಲ್ಲಕ್ಕಿಂತ ಬೇಗ ಖಾಲಿಯಾಗುವುದು ಅದೇ ಲಿಪ್‌ಸ್ಟಿಕ್.